ಕಾಜ ಹಾಕುವ ಕೈ

ಮಾವನ ತೋಳಿಗೆ ಸೂಜಿ ಹಾಕಲು ಒಬ್ಬಳಿಗೆ ಮಾತ್ರ ಅಪ್ಪಣೆಯಿತ್ತು. ಡಯಾಲಿಸಿಸ್ ಘಟಕದಲ್ಲಿ ಹಲವು ನರ್ಸುಗಳಿದ್ದರು, ಎಲ್ಲರೂ ಪಳಗಿದವರೇ. ಆದರೂ ಅವರು ತೋಳು ಚಾಚುತ್ತಿದ್ದುದು ಮಗಳ ಮುಂದೆ. ಮಗಳು, ಎಂದರೆ ನನ್ನ ನಾದಿನಿ, ಅದೇ ಘಟಕದಲ್ಲಿ ಕೆಲಸಕ್ಕಿದ್ದಳು. ಅವಳ ಪಾಳಿ ಇಲ್ಲದ ದಿನ ಬೇರೆ ಸಿಸ್ಟರ್ ಟ್ರೇ ಹಿಡಿದು ಬಂದರೆ ಮಾವ ಮಡಚಿದ ಅಂಗಿತೋಳನ್ನು ಇಳಿಸಿಕೊಂಡು ಗೋಡೆಯ ಕಡೆ ನೋಡುತ್ತ ಕೂರುತ್ತಿದ್ದರು. ಮನೆಗೆ ಫೋನ್ ಹೋಗುತ್ತಿತ್ತು. ನಾದಿನಿ ಒದ್ದೆ ಬಟ್ಟೆ ಬಕೆಟ್ಟಿನಲ್ಲಿ ಬಿಟ್ಟು ಓಡಿ ಬರುತ್ತಿದ್ದಳು.

"ನಿನ್ನ ಕೈಯಲ್ಲಾದ್ರೆ ನೋವೇ ಆಗಲ್ಲ ಕಣೇ," ಎನ್ನುತ್ತಿದ್ದರು ಮಾವ. ಈ ಒಂದು ಮಾತಿಗೆ ಅವಳು ತನ್ನ ರಜೆಗಳನ್ನೆಲ್ಲ ಕೊಟ್ಟಿದ್ದಳು.

ಮಾವ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಮೂತ್ರಪಿಂಡಗಳು ಕೆಟ್ಟ ಮೇಲೆ ಮಷೀನಿಗೆ ಹಳೆಯ ಚಾದರ ಹೊದಿಸಿದ್ದರು. ಎರಡು ಮೂತ್ರಪಿಂಡಗಳೂ ಒಟ್ಟಿಗೆ ಕೈ ಕೊಟ್ಟವಲ್ಲ ಎಂದು ಯಾರಾದರೂ ಮರುಗಿದರೆ, ಅಣ್ಣತಮ್ಮಂದಿರು ಒಂದಾಗುವುದು ಇಂಥದರಲ್ಲೇ ಎಂದು ಅತ್ತೆ ಹೇಳಿ ಒಳಗೆ ಹೋಗುತ್ತಿದ್ದರು. ಅವರ ಮಗ, ನನ್ನ ಗಂಡ, ತೀರಿಕೊಂಡ ಮೇಲೂ ನಾನು ಆ ಮನೆಯಲ್ಲೇ ಉಳಿದೆ. ಹೋಗು ಎಂದು ಯಾರೂ ಹೇಳಲಿಲ್ಲ. ಇರು ಎಂದೂ ಹೇಳಲಿಲ್ಲ. ವಾರಕ್ಕೆ ಮೂರು ಸಲ ಮಾವನ ಜೊತೆ ಆಸ್ಪತ್ರೆಗೆ ಹೋಗಲು ಒಬ್ಬರು ಬೇಕಿತ್ತು.

ಮನೆಯ ಕೆಲಸವೆಲ್ಲ ಮಾವನ ಸುತ್ತ ಸುತ್ತುತ್ತಿತ್ತು. ಅವರ ಪಾಲಿನ ಆಲೂಗಡ್ಡೆಯನ್ನು ಬೇಯಿಸಿ, ನೀರು ಚೆಲ್ಲಿ, ಮತ್ತೆ ಬೇಯಿಸಬೇಕು. ಉಪ್ಪು ಬೇರೆ, ಪಾತ್ರೆ ಬೇರೆ. ಕುಡಿಯುವ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ತುಂಬಿಟ್ಟರೆ ಇಡೀ ದಿನಕ್ಕೆ ಅಷ್ಟೇ. ಅವರ ಅಂಗಿಯ ಗುಂಡಿಯನ್ನು ಅತ್ತೆ ಹಾಕುತ್ತಿದ್ದರು. ಕೈಗೆ ಬಲವಿಲ್ಲದೆ ಅಲ್ಲ. ಕಾಯಿಲೆ ಹೊಸದಾಗಿದ್ದಾಗ ಒಂದು ದಿನ ಹಾಕಿದ್ದರು, ಅದೇ ನಡೆದುಕೊಂಡು ಬಂತು.

ಸಂಜೆ ನಾದಿನಿ ಬಂದ ಕೂಡಲೇ ಅತ್ತೆ ಅವಳ ಚೀಲದಿಂದ ಊಟದ ಡಬ್ಬಿ ತೆಗೆದು ಮುಚ್ಚಳ ಬಿಚ್ಚುತ್ತಿದ್ದರು. ಅನ್ನ ಹಾಕಿದ ಹಾಗೇ ಇರುತ್ತಿತ್ತು. ಪುರಸೊತ್ತಾಗಲಿಲ್ಲ ಎನ್ನುವಳು. ಒಂದು ಗುಟುಕು ನೀರಿಗೂ ಪುರಸೊತ್ತಿಲ್ಲವೇ ಎಂದು ಅತ್ತೆ ಕೇಳುವರು. ನೀರು ಕುಡಿದರೆ ಬಾತ್‌ರೂಮಿಗೆ ಹೋಗಬೇಕು, ಹೋದರೆ ಕುರ್ಚಿಗಳನ್ನು ನೋಡುವವರು ಯಾರು, ಎಂದು ಅವಳ ಉತ್ತರ.

"ಮನೆಗೆ ಮಾರಿ, ಊರಿಗೆ ಉಪಕಾರಿ ಅಂತಾರೆ," ಎಂದು ಅತ್ತೆ ನನ್ನ ಕಡೆ ತಿರುಗಿ ಹೇಳಿದರು. "ಇವಳು ಮನೆಗೂ ಉಪಕಾರಿ, ಊರಿಗೂ ಉಪಕಾರಿ. ತನ್ನ ಮೈಗೆ ಮಾತ್ರ ಮಾರಿ."

ಆ ವಾರವೇ ಅವಳು ಘಟಕದಲ್ಲಿ ಎರಡು ಕುರ್ಚಿಗಳ ನಡುವೆ ಬಿದ್ದಳು. ಮೊದಲು ಟ್ರೇ ಬಿತ್ತು, ಆಮೇಲೆ ಅವಳು. ಮೈ ಕೆಂಡದಂತೆ ಸುಡುತ್ತಿತ್ತು. ಜ್ವರವನ್ನು ಮೂರು ದಿನ ಮಾತ್ರೆ ನುಂಗಿ ಮುಚ್ಚಿಟ್ಟಿದ್ದಳಂತೆ. ಅವಳನ್ನು ಮೇಲಿನ ಮಹಡಿಯ ವಾರ್ಡಿಗೆ ಸೇರಿಸಿದರು. ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿದೆ, ಮತ್ತೆ ಮತ್ತೆ ಹೀಗಾದರೆ ಅಪ್ಪನ ಪಕ್ಕದ ಕುರ್ಚಿಯೇ ಗತಿ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಅತ್ತೆ ಹಾಸಿಗೆಯ ತುದಿಯಲ್ಲಿ ಕೂತು ಮಗಳ ಪಾದ ಹಿಡಿದುಕೊಂಡಿದ್ದರು. ಒಬ್ಬರಿಗೆ ಕುಡಿಯಬೇಡಿ ಅಂತ ಕಾಯಬೇಕು, ಒಬ್ಬಳಿಗೆ ಕುಡಿ ಅಂತ ಕಾಯಬೇಕು, ನೀರೂ ನಮ್ಮನೆಯಲ್ಲಿ ದಾರಿ ತಪ್ಪಿತು ಎಂದರು. ಯಾರೂ ನಗಲಿಲ್ಲ.

ಮರುದಿನ ಮಾವನ ಡಯಾಲಿಸಿಸ್ಸಿನ ದಿನ. ಅವರು ಬೇರೆಯವರಿಗೆ ತೋಳು ಕೊಡಲಿಲ್ಲ. ಮಗಳು ಇಳಿದು ಬರಲಿ, ಕಾಯುತ್ತೇನೆ ಎಂದರು. ಅದರ ಮಾರನೆಯ ದಿನ ಕಾಲು ಊದಿ ಚಪ್ಪಲಿ ಹಿಡಿಸಲಿಲ್ಲ. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಟೋದಲ್ಲಿ ಅವರ ಎದೆಯೊಳಗೆ ನೀರು ಗೊರಗೊರ ಎನ್ನುವುದು ನನಗೆ ಕೇಳುತ್ತಿತ್ತು.

ಘಟಕದ ಮುಖ್ಯ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಗಿಡ್ಡಗಿದ್ದರು. ಅವರು ಸ್ಟೂಲು ಎಳೆದುಕೊಂಡು ಮಾವನ ಎದುರು ಕೂತರು.

"ನಿಮ್ಮ ಮಗಳ ಕೈ ಮೇಲಿನ ವಾರ್ಡಲ್ಲಿ ಮಲಗಿದೆ. ನಮ್ಮ ಕೈ ನಿಮಗೆ ಬೇಡ. ಇನ್ನು ಉಳಿದಿರೋದು ಯಾವ ಕೈ, ಹೇಳಿ ಟೈಲರೇ."

ಮಾವ ಕಣ್ಣು ಮುಚ್ಚಿ ತೋಳು ಚಾಚಿದರು. ದೊಡ್ಡ ಸಿಸ್ಟರ್ ಸೂಜಿ ಹಾಕಿದರು. ಉಸಿರಾಟ ಹದಕ್ಕೆ ಬಂದ ಮೇಲೆ ಮಾವ ಕೇಳಿದ ಮೊದಲ ಮಾತು, ಉಳಿದಿರೋದು ನನ್ನ ಕೈಯೇ ತಾನೇ, ಅದರಿಂದ ಹೇಗೆ ಆಗುತ್ತೆ ಎಂದು.

ದೊಡ್ಡ ಸಿಸ್ಟರ್ ವಿವರಿಸಿದರು. ಕೆಲವು ಕಡೆ ರೋಗಿಗಳೇ ತಮಗೆ ಸೂಜಿ ಹಾಕಿಕೊಳ್ಳುತ್ತಾರೆ. ಪ್ರತಿ ಸಲವೂ ಅದೇ ಜಾಗ, ಅದೇ ಓರೆ. ಕೆಲವು ವಾರ ಒಬ್ಬರೇ ಚೂಪು ಸೂಜಿಯಿಂದ ಹಾಗೆ ಹಾಕುತ್ತ ಬಂದರೆ ಚರ್ಮದಿಂದ ರಕ್ತನಾಳದವರೆಗೆ ಒಂದು ದಾರಿ ಗಟ್ಟಿಯಾಗುತ್ತದೆ, ಕಿವಿ ಚುಚ್ಚಿಸಿಕೊಂಡ ಹಾಗೆ. ಆಮೇಲೆ ಮೊಂಡು ಸೂಜಿ ಸಾಕು, ದಾರಿ ಹಿಡಿದು ತಾನೇ ಒಳಗೆ ಹೋಗುತ್ತದೆ. ಅದಕ್ಕೆ ಬಟನ್‌ಹೋಲ್ ಎಂದು ಹೆಸರು.

ಮಾವ ದಿಂಬಿನಿಂದ ತಲೆ ಎತ್ತಿದರು. "ಏನಂದ್ರಿ? ಕಾಜ?"

ಪಕ್ಕದ ಕುರ್ಚಿಯಲ್ಲಿ ಬಸ್ ಕಂಡಕ್ಟರ್ ಒಬ್ಬರಿದ್ದರು, ಹಳೆಯ ರೋಗಿ. ಅವರು ಕೊಳವೆಗಳ ನಡುವಿನಿಂದಲೇ ನಕ್ಕರು. ಟೈಲರಿಗೆ ಕಾಜ ಹಾಕೋದು ಕಲಿಸ್ತೀರಾ ಸಿಸ್ಟರ್, ಮೀನಿಗೆ ಈಜು ಕಲಿಸಿದ ಹಾಗೆ, ಎಂದರು. ಮಾವನೂ ನಕ್ಕರು. ಆ ವಿಷಯದ ನಿಜ ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು.

ನಾದಿನಿ ಮನೆಗೆ ಬಂದ ದಿನ ಊಟದ ಹೊತ್ತಿನಲ್ಲಿ ಜಗಳವಾಯಿತು. ಮಾವ ಸುದ್ದಿ ಹೇಳಿದ ಕೂಡಲೇ ಅವಳು ಚಮಚ ಕೆಳಗಿಟ್ಟಳು.

"ನೀನಾ? ನಿನ್ನ ಅಂಗಿ ಗುಂಡಿ ಅಮ್ಮ ಹಾಕ್ತಾಳೆ. ಕುಡಿದ ಲೋಟ ಕೂತಲ್ಲೇ ಇರುತ್ತೆ. ನೀನು ಸೂಜಿ ಚುಚ್ಕೋತೀಯಾ?"

"ಕಲೀತೀನಿ."

"ನನ್ನ ಕೈ ಸಾಕಾಯ್ತಾ ಅಪ್ಪ?"

ಉತ್ತರ ಬಂದದ್ದು ಅತ್ತೆಯಿಂದ.

"ಅದೆಲ್ಲ ಇರಲಿ. ಇವರಿಗೆ ಕಾಜ ಹಾಕೋಕೇ ಬರಲ್ಲ. ಕತ್ತರಿಸೋದು ಇವರು, ಮಷೀನು ತುಳಿಯೋದು ಇವರು. ಇಷ್ಟು ವರ್ಷ ಆ ಅಂಗಡಿಯಿಂದ ಹೊರಗೆ ಹೋದ ಒಂದೊಂದು ಅಂಗಿಗೂ ಗುಂಡಿ ತೂತಿಗೆ ದಾರ ಹೆಣೆದದ್ದು ನಾನು. ಬೋರ್ಡಿನ ಮೇಲೆ ಹೆಸರು ಮಾತ್ರ ಇವರದು."

ಅದು ನಿಜ. ನಾನು ಆ ಮನೆಗೆ ಬಂದಾಗಿನಿಂದ ನೋಡಿದ್ದೆ. ಕೈಹೊಲಿಗೆಯ ಕೆಲಸವೆಲ್ಲ ಅಡುಗೆಮನೆಗೆ ಬರುತ್ತಿತ್ತು. ಮಾವ ತಟ್ಟೆಯಲ್ಲಿದ್ದುದನ್ನು ಮುಗಿಸಿದರು. ಎದ್ದಾಗ ಲೋಟವನ್ನೂ ಎತ್ತಿಕೊಂಡು ಹೋದರು.

ದಾರಿ ಮಾಡಲು ಒಂದೇ ಕೈ ಬೇಕಿತ್ತು, ಅದು ನಾದಿನಿಯದೇ ಆಗಬೇಕಿತ್ತು. ತನ್ನನ್ನು ಬಿಡಿಸುವ ದಾರಿಯನ್ನು ತಾನೇ ತೋಡಬೇಕು. ಅವಳಿಗೆ ಅದು ಇಷ್ಟವಿರಲಿಲ್ಲ. ಆದರೆ ಕೈಗೆ ಸುಳ್ಳು ಬರುತ್ತಿರಲಿಲ್ಲ. ಪ್ರತಿ ಸಲವೂ ಕೂದಲೆಳೆ ಆಚೀಚೆಯಾಗದೆ ಅದೇ ಎರಡು ಜಾಗಕ್ಕೆ ಅದೇ ಓರೆಯಲ್ಲಿ ಹಾಕಿದಳು, ಒಂದು ಸೂಜಿ ರಕ್ತ ಹೊರಗೆ ತರಲು, ಒಂದು ಒಳಗೆ ಕಳಿಸಲು. ದೊಡ್ಡ ಸಿಸ್ಟರ್ ಅವಳಿಗೂ ಒಂದು ಷರತ್ತು ಹಾಕಿದ್ದರು. ಒಂದು ಲೋಟ ನೀರು ಕುಡಿಯದೆ ಟ್ರೇ ಮುಟ್ಟುವಂತಿಲ್ಲ. ಷರತ್ತು ಅವಳೊಬ್ಬಳಿಗೆ ಎಂದರೆ ಅವಮಾನವಾದೀತೆಂದು ಎಲ್ಲ ನರ್ಸುಗಳಿಗೂ ಅದೇ ಎಂದರು, ತಾವೂ ಎಲ್ಲರ ಮುಂದೆ ಕುಡಿದರು. ಒಬ್ಬೊಬ್ಬರಾಗಿ ಊಟಕ್ಕೆ ಹೋಗಬೇಕು, ಹೋದವಳನ್ನು ಯಾರೂ ಕರೆಯಬಾರದು. ಆ ಹೊತ್ತಿಗೆ ನಡೆಯಬಲ್ಲ ರೋಗಿಗಳು ತಮ್ಮ ತೂಕ ತಾವೇ ನೋಡಿ ಬರೆದುಕೊಳ್ಳತೊಡಗಿದರು. ಊಟಕ್ಕೆ ಹೋಗಲೋ ಬೇಡವೋ ಎಂದು ಬಾಗಿಲಲ್ಲಿ ನಿಂತ ನರ್ಸನ್ನು ಕಂಡರೆ ಕಂಡಕ್ಟರ್, "ರೈಟ್, ರೈಟ್, ಹೊರಡಲಿ," ಎನ್ನುವರು.

ಒಂದು ದಿನ ದೊಡ್ಡ ಸಿಸ್ಟರ್ ಮಾವನಿಗೆ ತಮ್ಮ ರಕ್ತನಾಳವನ್ನು ತಾವೇ ಮುಟ್ಟಿ ಅರಿಯುವುದನ್ನು ಹೇಳಿಕೊಟ್ಟರು. ಶಸ್ತ್ರಚಿಕಿತ್ಸೆ ಮಾಡಿ ಎರಡು ನಾಳಗಳನ್ನು ಕೂಡಿಸಿದ ಜಾಗ ಅದು, ಮುಂದೋಳಿನಲ್ಲಿ ಹಗ್ಗದಂತೆ ಉಬ್ಬಿತ್ತು. ಮಾವ ಮೂರು ಬೆರಳು ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ.

"ಒಳಗೆ ಮಷೀನು ಓಡ್ತಾ ಇದೆಯಲ್ಲ," ಎಂದರು. "ಇಷ್ಟು ದಿನ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ನೋಡಮ್ಮ, ನೀನೂ ಮುಟ್ಟು."

ನಾನು ಕೈ ತೊಳೆದು ಬಂದು ಮುಟ್ಟಿದೆ. ತೆಳ್ಳನೆಯ ಚರ್ಮದ ಕೆಳಗೆ ರಕ್ತ ಗುಂಯ್ ಎಂದು ನಡುಗುತ್ತ ಹರಿಯುತ್ತಿತ್ತು. ನಿಲ್ಲುತ್ತಲೇ ಇರಲಿಲ್ಲ. ಎಷ್ಟೋ ದಿನಗಳಿಂದ ನನ್ನ ಕೈ ಏನು ಮುಟ್ಟಿದರೂ ಗೋಡೆ ಮುಟ್ಟಿದ ಹಾಗಿರುತ್ತಿತ್ತು. ಮನೆಗೆ ಬಂದ ಮೇಲೂ ಬೆರಳ ತುದಿಯಲ್ಲಿ ಆ ನಡುಕ ಇತ್ತು. ಪಾತ್ರೆ ತಿಕ್ಕುವಾಗಲೂ ಇತ್ತು.

ಮುಂದಿನ ಪಾಠ ಸೂಜಿಯದು. ಸ್ಪಂಜಿನೊಳಗೆ ರಬ್ಬರ್ ಕೊಳವೆ ಹುದುಗಿಸಿ ಮಾವನ ಎಡ ಮುಂದೋಳಿಗೆ ಕಟ್ಟಿದರು. ಕೆಲಸ ಮಾಡಬೇಕಾದದ್ದು ಬಲಗೈಯೊಂದೇ. ನಾದಿನಿ ಪಕ್ಕದಲ್ಲಿ ನಿಂತಿದ್ದಳು. ಮಾವ ಪೊಟ್ಟಣ ಬಿಡಿಸಿದರು, ಸೂಜಿಯ ಟೋಪಿ ತೆಗೆದರು. ಈಗ ಕೊಳವೆ ಎಲ್ಲಿದೆ ಎಂದು ಅದೇ ಕೈಯಿಂದ ಮುಟ್ಟಿ ನೋಡಬೇಕು. ಕೈಯಲ್ಲಿ ಸೂಜಿ ಇದೆ. ಅವರು ಜೀವಮಾನವಿಡೀ ಮಾಡಿದ್ದನ್ನೇ ಮಾಡಿದರು. ಸೂಜಿಯನ್ನು ತುಟಿಗಳ ನಡುವೆ ಕಚ್ಚಿ ಹಿಡಿದು, ಬಿಡುವಾದ ಬೆರಳಿಂದ ಸ್ಪಂಜನ್ನು ಒತ್ತಿ ನೋಡಿದರು.

ನಾದಿನಿ ಕೂಗಿದ ಕೂಗಿಗೆ ಆಚೆ ಕುರ್ಚಿಯವರೆಲ್ಲ ತಿರುಗಿದರು. ಬಾಯಿಂದ ಸೂಜಿ ಕಿತ್ತು ಎಸೆದಳು. ಇದು ಅಂಗಡಿಯಲ್ಲ, ಬಾಯಿಯ ಹೊಲಸು ರಕ್ತಕ್ಕೆ ಹೋದರೆ ಎರಡು ದಿನದಲ್ಲಿ ಹೆಣ ಬೀಳುತ್ತದೆ ಎಂದು ಎಲ್ಲರೆದುರು ಅಂದಳು. ಮಾವನ ತುಟಿ ಇನ್ನೂ ಸೂಜಿ ಇದ್ದ ಹಾಗೇ ಬಿಗಿದಿತ್ತು. ದೊಡ್ಡ ಸಿಸ್ಟರ್ ಬೈಯಲಿಲ್ಲ. ತುಟಿ ಇದನ್ನು ಮರೆಯುವವರೆಗೆ ಸೂಜಿ ಕೊಡಲಾರೆ ಎಂದು ಸ್ಪಂಜು ಬಿಚ್ಚಿದರು. ನಾದಿನಿ ಆ ಮುಂದಿನ ರಜೆಯಲ್ಲೂ ಬರುವುದೆಂದು ಆಯಿತು, ಅದರ ಮುಂದಿನದರಲ್ಲೂ. ಅವಳ ನೀರಿನ ಬಾಟಲಿ ಮತ್ತೆ ತುಂಬಿದ ಹಾಗೇ ಮನೆಗೆ ಬರತೊಡಗಿತು. ಒಂದು ಸಂಜೆ ಅವಳಿಗೆ ಚಳಿ ಹತ್ತಿತು. ಯಾರಿಗೂ ಹೇಳಬೇಡಿ ಅತ್ತಿಗೆ ಎಂದು ನನ್ನಿಂದ ಕಂಬಳಿ ಇಸಿದುಕೊಂಡಳು. ನಾನು ಅತ್ತೆಗೆ ಹೇಳಿದೆ.

ಬೆಳಿಗ್ಗೆ ಅತ್ತೆ ಅಂಗಡಿಯ ಮಷೀನಿನ ಮೇಲಿನ ಚಾದರ ಎಳೆದು ಹಾಕಿದರು. ಒಂದು ಹಳೆಯ ಅಂಗಿ, ಸೂಜಿದಾರ ತಂದು ಮಾವನ ಮುಂದಿಟ್ಟು, ಕಾಜ ಹಾಕಿ ಎಂದರು. ಮಾವ ದಾರ ಪೋಣಿಸಿದರು, ಬಟ್ಟೆ ಸರಿಮಾಡಲು ಸೂಜಿಯನ್ನು ಬಾಯಿಗೆ ಒಯ್ದರು. ಅತ್ತೆ ಅಳತೆಪಟ್ಟಿಯಿಂದ ಅವರ ಮಣಿಕಟ್ಟಿಗೆ ತಟ್ಟಿದರು. ಮತ್ತೆ ಒಯ್ದರು, ಮತ್ತೆ ತಟ್ಟಿದರು.

"ಕೈ ಕೇಳಲ್ಲ ಕಣೇ," ಎಂದರು ಮಾವ.

"ಹಾಗಾದ್ರೆ ಬಾಯಿಗೆ ಬೇರೆ ಕೆಲಸ ಕೊಡಿ. ಮಾತಾಡಿ."

"ಏನ್ ಮಾತಾಡ್ಲಿ?"

"ಮಾಡೋದನ್ನೇ ಹೇಳಿ. ಮಾತಾಡೋ ಬಾಯಲ್ಲಿ ಸೂಜಿ ನಿಲ್ಲುತ್ತಾ?"

ನಿಲ್ಲಲಿಲ್ಲ. ಮೊದಮೊದಲು ನಾಚಿಕೆಯಿಂದ ಗೊಣಗಿದರು. ಹಿಡಿದೆ, ಇಟ್ಟೆ, ಚುಚ್ಚಿದೆ. ಆಮೇಲೆ ಸ್ವರ ಬಂತು. ಬಾಯಲ್ಲಿ ಪಿನ್ನಿರುವಾಗ ಮಾತಾಡುವಂತಿಲ್ಲ ಎಂದು ಇಡೀ ಆಯುಷ್ಯ ತುಟಿ ಬಿಗಿದಿದ್ದವರು. ಈಗ ಎದ್ದರೆ ಕೂತರೆ ವರದಿ. ಲೋಟ ತೊಳೆದೆ. ಗುಂಡಿ ಹಾಕಿದೆ, ಒಂದು ತಪ್ಪಿತು, ಮತ್ತೆ ಹಾಕಿದೆ. ಆಲೂಗಡ್ಡೆ ನೀರು ಚೆಲ್ಲಿದೆ. ಮಗಳ ಬಾಟಲಿ ತುಂಬೇ ಇದೆ, ಅವಳು ಕುಡಿಯೋ ತನಕ ನಾನು ಇಲ್ಲೇ ನಿಂತಿದ್ದೀನಿ. ಅತ್ತೆ ಅವರಿಗೆ ರೇಡಿಯೋ ಎಂದು ಹೆಸರಿಟ್ಟರು. ನಾದಿನಿ ಕೋಪ ಮಾಡಿಕೊಂಡೇ ನೀರು ಕುಡಿಯುತ್ತಿದ್ದಳು. ಕುಡಿದಳು, ಎಂದು ರೇಡಿಯೋ ಹೇಳುತ್ತಿತ್ತು.

ಕಾಜಗಳು ಸೊಟ್ಟಗೆ ಬಂದವು, ಅತ್ತೆ ಬಿಚ್ಚಿಸಿದರು. ನೇರವಾಗುತ್ತ ಬಂದವು. ಒಂದು ಮಧ್ಯಾಹ್ನ ನಾನು ಅಕ್ಕಿ ಆರಿಸುತ್ತ ಬಾಗಿಲಲ್ಲಿ ಕೂತಿದ್ದೆ. ಮಾವ ಮಷೀನಿನ ಮುಂದೆ ಹೇಳುತ್ತಿದ್ದರು.

"ಇದು ಮಗನ ಅಂಗಿ. ಕಾಲರ್ ಸವೆದಿದೆ. ಬಿಚ್ಚಿದೆ. ಸವೆದ ಮಗ್ಗಲು ಒಳಗೆ ಮಾಡಿ ತಿರುಗಿಸ್ತಾ ಇದ್ದೀನಿ. ಇನ್ನೂ ಕೆಲವು ವರ್ಷ ಬರುತ್ತೆ."

ನಾನು ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿದೆ. ಅದು ಹೊತ್ತಿರಲೇ ಇಲ್ಲ.

ಮತ್ತೆ ಸ್ಪಂಜು ಕಟ್ಟಿಸಿಕೊಂಡಾಗ ಮಾವ ಮಾತಾಡುತ್ತಲೇ ಎಲ್ಲ ಮಾಡಿದರು. ಮೊದಲು ಮುಟ್ಟಿ ನೋಡಿ, ಆಮೇಲೆ ಪೊಟ್ಟಣ ಬಿಡಿಸಿ ಎಂದು ದೊಡ್ಡ ಸಿಸ್ಟರ್ ಕ್ರಮವನ್ನೂ ಬದಲಿಸಿದ್ದರು. ಎಷ್ಟೋ ಸಲ ಮಾಡಿಸಿ ನೋಡಿದ ಮೇಲೆ, ನಾಳೆ ನಿಮ್ಮ ತೋಳು ಎಂದರು.

ಆ ನಾಳೆ ನಾದಿನಿಯ ರಜೆ. ಬರಬೇಡ ಎಂದಿದ್ದರು. ಬಂದಳು. ಮನೆಯ ಬಟ್ಟೆಯಲ್ಲಿ, ಕೈ ಹಿಂದಕ್ಕೆ ಕಟ್ಟಿಕೊಂಡು ಕುರ್ಚಿಯ ಕಾಲಬದಿಗೆ ನಿಂತಳು. ಮಾವ ತೋಳು ತೊಳೆದು ಬಂದು, ಬಾಯಿಗೆ ಮಾಸ್ಕ್ ಕಟ್ಟಿ ಕೂತರು.

"ಮುಟ್ಟಿದೆ. ಓಡ್ತಾ ಇದೆ. ಹಕ್ಕಳೆ ತೆಗೆದೆ. ಮದ್ದು ಹಚ್ಚಿದೆ, ಒಣಗಲಿ. ಸೂಜಿ ಬಿಡಿಸಿದೆ. ಮೊಂಡು ಸೂಜಿ."

ಮಾಸ್ಕಿನೊಳಗಿಂದ ಸ್ವರ ಮೆತ್ತಗೆ ಬರುತ್ತಿತ್ತು. ಆಚೆಯ ಕುರ್ಚಿಗಳವರು ಕಿವಿಗೊಟ್ಟರು. ಚರ್ಮದಲ್ಲಿ ಎಳ್ಳಿನಷ್ಟು ಗುರುತಿತ್ತು. ಅವರು ಸೂಜಿಯ ತುದಿಯನ್ನು ಅದರ ಬಾಯಿಗಿಟ್ಟರು. "ಇಟ್ಟೆ. ತಳ್ತಾ ಇದ್ದೀನಿ." ಸೂಜಿ ಸರಿಯುತ್ತ ಹೋಯಿತು. ಕೊಳವೆಯೊಳಗೆ ಕೆಂಪು ಚಿಮ್ಮಿ ಬಂತು, ಅವರದೇ ರಕ್ತ, ಅವರು ಕರೆದಲ್ಲಿಗೆ.

ಎರಡನೆಯದು ಹೋಗಲಿಲ್ಲ. ಒಳಗೆ ಎಲ್ಲೋ ತಡೆಯಿತು. ಮಾವನ ಮಾತು ನಿಂತಿತು. ಹಣೆಯಲ್ಲಿ ಬೆವರು. ನಾದಿನಿಯ ಕೈ ಬೆನ್ನ ಹಿಂದಿನಿಂದ ಹೊರಟಿತ್ತು. ದೊಡ್ಡ ಸಿಸ್ಟರ್ ಅವಳ ಮುಖ ನೋಡದೆಯೇ ಆ ಮಣಿಕಟ್ಟು ಹಿಡಿದುಕೊಂಡರು.

"ಯಾಕೆ ಟೈಲರೇ, ಗಾಡಿ ನಿಂತಿತು?" ಎಂದರು ಕಂಡಕ್ಟರ್, ತಮಾಷೆಯಿಲ್ಲದ ದನಿಯಲ್ಲಿ. "ಹೇಳಿ, ಕೇಳ್ತಾ ಇದ್ದೀವಿ."

"ಸಿಗಲಿಲ್ಲ," ಎಂದರು ಮಾವ. ಉಸಿರೆಳೆದುಕೊಂಡರು. "ಒತ್ತೋದಿಲ್ಲ. ಸ್ವಲ್ಪ ಹಿಂದಕ್ಕೆ ತಂದೆ. ತಿರುಗಿಸ್ತಾ ಇದ್ದೀನಿ. ದಾರಿ ಇದೆ. ನನ್ನ ಮಗಳು ಹಾಕಿದ ದಾರಿ, ಎಲ್ಲಿಗೂ ಹೋಗಿರಲ್ಲ."

ಇತ್ತು. ಸೂಜಿ ಒಳಗೆ ಹೋಯಿತು. ಮಾವ ಪಟ್ಟಿ ಅಂಟಿಸಿದರು, ಕೊಳವೆಗಳನ್ನು ಕೂಡಿಸಿದರು, ದೊಡ್ಡ ಸಿಸ್ಟರ್ ನೋಡಿ ತಲೆಯಾಡಿಸಿದ ಮೇಲೆ ತಾವೇ ಗುಂಡಿ ಒತ್ತಿದರು. ರಕ್ತ ಅವರ ತೋಳಿನಿಂದ ಎದ್ದು, ಮಷೀನಿನ ಎತ್ತರಕ್ಕೆ ಏರಿ, ತೊಳೆದುಕೊಂಡು, ಇನ್ನೊಂದು ದಾರಿಯಿಂದ ಮನೆಗೆ ಬಂತು. ನಾನು ಅದನ್ನು ಎಷ್ಟೋ ಸಲ ಕಂಡಿದ್ದೆ. ಆ ದಿನ ನೋಡಿದೆ. ಒಬ್ಬ ಮನುಷ್ಯ ಒಂದೇ ಕೈಯಿಂದ ತನ್ನ ಮೈಯ ಬಾಗಿಲು ತೆರೆದು ಕೂತಿದ್ದ. ನಾನು ಕಿಟಕಿಯ ಕಟ್ಟೆ ಹಿಡಿದುಕೊಂಡೆ.

"ನೋವಾಯ್ತಾ ಅಪ್ಪ?" ಎಂದಳು ನಾದಿನಿ.

"ಆಯ್ತು." ಮಾವ ಮಾಸ್ಕ್ ಇಳಿಸಿದರು. "ನಿನ್ನ ಕೈಯಲ್ಲೂ ಆಗ್ತಿತ್ತು. ಪ್ರತಿ ಸಲ ಆಗ್ತಿತ್ತು. ನೀನೇ ಬರ್ಲಿ ಅಂತ ನೋವಾಗಲ್ಲ ಅಂತಿದ್ದೆ."

ಅವಳು ಅಪ್ಪನ ಪಾದದ ಮೇಲೆ ಸರಿದಿದ್ದ ಹೊದಿಕೆಯನ್ನು ಎಳೆದು ಸರಿಮಾಡಿದಳು. ಇವತ್ತು ನಿನಗೆ ಇಲ್ಲಿ ಕೆಲಸವಿಲ್ಲ, ನಡಿ ಎಂದು ದೊಡ್ಡ ಸಿಸ್ಟರ್ ಬಾಗಿಲು ತೋರಿಸಿದರು. ಅವಳು ಹೋದಳು.

ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಅವಳು ಗೇಟು ದಾಟಿ ಬಸ್ ನಿಲ್ದಾಣಕ್ಕೆ ಹೋದಳು. ಬಸ್ಸು ಬಂತು, ಹತ್ತಲಿಲ್ಲ. ಅಲ್ಲಿನ ಕಲ್ಲುಬೆಂಚಿನ ಮೇಲೆ, ಬಿಸಿಲು ಬೀಳುವ ಮಗ್ಗುಲಲ್ಲಿ ಕೂತಳು. ಚೀಲವನ್ನು ಪಕ್ಕಕ್ಕಿಟ್ಟಳು. ಇನ್ನೊಂದು ಬಸ್ಸು ಬಂದು ಹೋಯಿತು.

"ಹೋದ್ಲಾ?" ಎಂದು ಕೇಳಿದರು ಮಾವ.

"ಇಲ್ಲ ಮಾವ. ಕೂತಿದ್ದಾಳೆ."

"ಏನ್ ಮಾಡ್ತಾ ಇದ್ದಾಳೆ?"

ನಾನು ಮತ್ತೊಮ್ಮೆ ನೋಡಿದೆ. ಅವಳು ಕಾಲು ಚಾಚಿದ್ದಳು. ಮುಖವನ್ನು ಬಿಸಿಲಿಗೆ ಎತ್ತಿದ್ದಳು. ಎರಡು ಕೈಗಳೂ ಮಡಿಲಲ್ಲಿ ಖಾಲಿ ಬಿದ್ದಿದ್ದವು.

"ಏನೂ ಮಾಡ್ತಿಲ್ಲ," ಎಂದೆ.

"ಕೂತಿರ್ಲಿ," ಎಂದರು ಮಾವ. "ಕರೀಬೇಡ."